ತೆನೆ ಎಣಿಸುವವರು

ಮಂಗಳೂರಿನ ಕಥೋಲಿಕ ಕ್ರೈಸ್ತರ ಮನೆಯಲ್ಲಿ ಹಬ್ಬವೆಂದರೆ ಮಾಂಸದ ಅಡಿಗೆಯೆಂದೇ ಪರವೂರಿನವರು ಭಾವಿಸಿರುತ್ತಾರೆ. ಸೆಪ್ಟೆಂಬರ್ 8ನೆಯ ತಾರೀಖು ಅಂಥ ಮನೆಗೆ ಊಟಕ್ಕೆ ಹೋದ ಅತಿಥಿಯು ಬೆರಗಾಗಬೇಕಾದೀತು. ಅಂದು ಮುಂದಿರುವುದು ಬಾಳೆಲೆ. ಎಲೆಯ ಮೇಲೆ ಕೆಸುವಿನ ದಂಟು, ಹರಿವೆ, ಬೆಂಡೆ, ಹೀರೆ, ಹಾಗಲ, ಅಮಟೆಕಾಯಿ—ಹೀಗೆ ಐದೋ ಏಳೋ ಒಂಬತ್ತೋ ಬಗೆಯ ಪದಾರ್ಥಗಳು. ಸಂಖ್ಯೆ ಮಾತ್ರ ಬೆಸವಾಗಿರತಕ್ಕದ್ದು. ಮೀನಿನ ವಾಸನೆಯೂ ಸುಳಿಯದು. ಊಟಕ್ಕೆ ಮೊದಲು ಮನೆಯ ಹಿರಿಯರು ಪ್ರಾರ್ಥನೆ ಸಲ್ಲಿಸಿ, ಹೊಸ ಭತ್ತದ ಕಾಳುಗಳನ್ನು ಸುಲಿದು ಅರೆದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿದುದನ್ನು ಒಬ್ಬೊಬ್ಬರಿಗೂ ಹಂಚುತ್ತಾರೆ. ಕನ್ಯಾ ಮರಿಯಮ್ಮನ ಹುಟ್ಟುಹಬ್ಬವೂ ಹೊಸ ಅಕ್ಕಿಯ ಹಬ್ಬವೂ ಕೂಡಿಕೊಂಡಿರುವ ಈ ದಿನಕ್ಕೆ ಕೊಂಕಣಿಯಲ್ಲಿ ಮೊಂತಿ ಫೆಸ್ತ್ ಎಂದು ಹೆಸರು. ತುಳುವಿನಲ್ಲಿ ಇದು ಕುರಲ್ ಪರ್ಬ. ಊಟದ ಹೆಸರು ನೊವೆಂ, ಅಂದರೆ ಹೊಸತು.

ಹೊಸ ತೆನೆಯನ್ನು ಮನೆಗೆ ತಂದು ಉಣ್ಣುವ ಪದ್ಧತಿ ಕರಾವಳಿಯ ಎಲ್ಲ ಒಕ್ಕಲು ಮನೆತನಗಳಲ್ಲೂ ಇದ್ದುದೇ. ಕ್ರೈಸ್ತರಲ್ಲಿ ಅದು ಇಗರ್ಜಿಯ ಹಬ್ಬವಾದದ್ದು 1763ರಲ್ಲಿ, ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಗೋವೆಯಿಂದ ಬಂದ ಜೋಕಿಂ ಮಿರಾಂದಾ ಎಂಬ ಪಾದ್ರಿಗಳ ಕಾಲದಲ್ಲಿ ಎಂದು ಪ್ರತೀತಿ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಗದ್ದೆಗಳೆಲ್ಲ ಕೈಬಿಟ್ಟವು. 1799ರ ಅನಂತರ ಅಳಿದುಳಿದವರು ಹಿಂದಿರುಗಿ ಮತ್ತೆ ನೇಗಿಲು ಹಿಡಿದರು, ಮತ್ತೆ ತೆನೆ ತಂದರು. ಇಷ್ಟನ್ನು ಹಬ್ಬದ ದಿನದ ಪ್ರವಚನದಲ್ಲಿ ಯಾರೂ ಕೇಳಬಹುದು. ಪ್ರವಚನದಲ್ಲಿ ಬಾರದ ಒಂದು ಪ್ರಶ್ನೆಯಿದೆ: ಇಂದಿನ ಪಟ್ಟಣದ ಇಗರ್ಜಿಗೆ ತೆನೆ ಎಲ್ಲಿಂದ ಬರುತ್ತದೆ?

ಐವತ್ತು ವರ್ಷಗಳ ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಗರ್ಜಿಯ ಸುತ್ತಲೂ ಗದ್ದೆಗಳಿದ್ದವು. ಯಾರೋ ಒಬ್ಬ ಒಕ್ಕಲಿನವನು ಒಂದು ಹೊರೆ ತೆನೆಯನ್ನು ಸಂತೋಷದಿಂದ ತಂದಿಳಿಸುತ್ತಿದ್ದನು. ಈಗ ಆ ಗದ್ದೆಗಳಲ್ಲಿ ಮನೆಗಳೆದ್ದಿವೆ, ಮನೆಗಳ ಜಾಗದಲ್ಲಿ ಐದಂತಸ್ತಿನ ಕಟ್ಟಡಗಳು. ಉಳಿದ ನೆಲದಲ್ಲಿ ಅಡಿಕೆಯಿದೆ, ಇಲ್ಲವೆ ಹುಲ್ಲು. ಆದಕಾರಣ ಹಲವು ಇಗರ್ಜಿಗಳಲ್ಲಿ ಹಬ್ಬದ ಕೆಲಸ ಸೆಪ್ಟೆಂಬರಿನಲ್ಲಲ್ಲ, ಮೇ ತಿಂಗಳ ಕೊನೆಯಲ್ಲೇ ಆರಂಭವಾಗುತ್ತದೆ. ಯಾರದಾದರೂ ಪಾಳುಬಿದ್ದ ಒಂದು ಗದ್ದೆಯನ್ನು ಕೇಳಿ ಪಡೆದು, ಇಗರ್ಜಿಯ ಸ್ವಯಂಸೇವಕರೇ ಉಳಿಸಿ ನಾಟಿ ಮಾಡುತ್ತಾರೆ. ಬ್ಯಾಂಕಿನ ಗುಮಾಸ್ತರು, ಕಾಲೇಜಿನ ಹುಡುಗಿಯರು, ನಿವೃತ್ತ ಮಾಸ್ತರರು ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ನೇಜಿ ನೆಡುವ ದೃಶ್ಯ ಪತ್ರಿಕೆಗಳ ಛಾಯಾಚಿತ್ರಕ್ಕೆ ಒಪ್ಪುವಂಥದೇ. ಮೊದಲ ದಿನ ಅರುವತ್ತು ಜನ ಬರುತ್ತಾರೆ. ಕಳೆ ಕೀಳುವ ದಿನ ಆರು ಜನ.

ಇಲ್ಲಿ ಲೆಕ್ಕಾಚಾರದ ತೊಡಕೂ ಒಂದಿದೆ. ಕರಾವಳಿಯ ಏಣಿಲು ಬೆಳೆ ಪೂರ್ತಿಯಾಗಿ ಕೊಯ್ಲಿಗೆ ಬರುವುದು ಸಾಮಾನ್ಯವಾಗಿ ಹಬ್ಬ ಕಳೆದ ಮೇಲೆ. ಆದುದರಿಂದ ಸೆಪ್ಟೆಂಬರ್ 8ರಿಂದ ಹಿಂದಕ್ಕೆ ದಿನಗಳನ್ನೆಣಿಸಿ ಬೀಜ ಹಾಕಬೇಕು. ಬೇಗ ತೆನೆ ಹಾಯುವ ತಳಿಯನ್ನೇ ಆರಿಸಬೇಕು. ತಡವಾದರೆ ಕಾಳು ಕಟ್ಟದೆ ಬರಿಯ ಹಾಲಿರುತ್ತದೆ, ಸುಲಿಯಲು ಏನೂ ಸಿಕ್ಕದು. ಮುಂಚೆಯಾದರೆ ಇನ್ನೊಂದು ಗಂಡಾಂತರ: ಸುತ್ತಲಲ್ಲೆಲ್ಲ ಹಸುರಿರುವಾಗ ಇದೊಂದೇ ಗದ್ದೆಯಲ್ಲಿ ಕಾಳು ಬಲಿತರೆ ಊರಿನ ಗಿಳಿಗಳೂ ನವಿಲುಗಳೂ ಅಲ್ಲಿಗೇ ಬಂದು ಸಮ್ಮೇಳನ ನಡೆಸುತ್ತವೆ. ಆಗ ಬಲೆ ಕಟ್ಟಬೇಕು, ಹಗಲೆಲ್ಲ ಕಾಯಬೇಕು. ಈ ಕಾವಲಿಗೆ ಸಾಮಾನ್ಯವಾಗಿ ಸಿಗುವವರು ಮಕ್ಕಳೆಲ್ಲ ಕೊಲ್ಲಿ ರಾಷ್ಟ್ರಗಳಲ್ಲಿರುವ, ಮನೆಯಲ್ಲಿ ಹೊತ್ತು ಹೋಗದ ವೃದ್ಧರು. ಹಕ್ಕಿಗಳಿಗೂ ಒಂದು ಪಾಲು ಇರಲಿ ಎಂದು ಅವರು ಕಣ್ಣು ಮುಚ್ಚುವುದೂ ಉಂಟು.

ಆಗಸ್ಟ್ 30ರಿಂದ ಒಂಬತ್ತು ದಿನಗಳ ನೊವೇನ ಪ್ರಾರ್ಥನೆ. ಪ್ರತಿದಿನವೂ ಮಕ್ಕಳು ಬುಟ್ಟಿಯಲ್ಲಿ, ತಟ್ಟೆಯಲ್ಲಿ ಹೂ ತಂದು, ಬಾಲೆ ಮರಿಯಳ ಪುಟ್ಟ ಪ್ರತಿಮೆಯ ಮುಂದೆ ಸಾಲಾಗಿ ನಡೆದು ಅರ್ಪಿಸುತ್ತಾರೆ. ನೋಡುವವರಿಗೆ ಅದಕ್ಕಿಂತ ಚೆಲುವಾದ ನೋಟ ಬೇರೊಂದಿಲ್ಲ. ಆದರೆ ಮಳೆಗಾಲದ ಒದ್ದೆ ಹೂವು ಒಂದೇ ರಾತ್ರಿಯಲ್ಲಿ ಕೊಳೆಯುವ ಪದಾರ್ಥ. ಕಾಲಿಗೆ ಸಿಕ್ಕ ದಾಸವಾಳ ನೆಲಕ್ಕೆ ಅಂಟಿಕೊಂಡರೆ ಗುಡಿಸಿದರೆ ಹೋಗದು, ಉಜ್ಜಬೇಕು. ಮಕ್ಕಳು ಹಾಡುತ್ತ ಹೊರಗೆ ಹೋದ ಮೇಲೆ ನಾಲ್ಕಾರು ಹೆಂಗಸರು ಸೆರಗು ಬಿಗಿದು ಒಳಗೆ ಉಳಿಯುತ್ತಾರೆ. ಅವರು ಮನೆ ಸೇರುವಷ್ಟರಲ್ಲಿ ಮನೆಯ ಗಂಡಸರು, ತಮ್ಮ ಊಟ ತಡವಾಯಿತೆಂದು ಗಡಿಯಾರ ನೋಡುತ್ತಿರುತ್ತಾರೆ. ಇದರ ವಿಷಯದಲ್ಲಿ ಎಲ್ಲ ಮತದವರೂ ಒಂದೇ.

ಹೂವೂ ಮೊದಲಿನಂತೆ ಹಿತ್ತಲಿನಲ್ಲಿ ಸಿಗುವುದಿಲ್ಲ. ಬಹುಮಹಡಿ ಕಟ್ಟಡದ ಮಕ್ಕಳು ಪೇಟೆಯಿಂದ ಕೊಂಡು ತರಬೇಕು. ಮತ್ತು ಈ ದಿನಗಳಲ್ಲಿಯೇ ಚೌತಿಯೂ ಬಂದುಬಿಡುವುದುಂಟು. 2024ರಲ್ಲಿ ಚೌತಿ ಸೆಪ್ಟೆಂಬರ್ 7ರಂದು, ಮೊಂತಿ ಹಬ್ಬ ಅದರ ಮರುದಿನ ಭಾನುವಾರ. ಗಣಪತಿಗೂ ಕಬ್ಬು ಬೇಕು, ಒಂಬತ್ತು ದಿನ ತಪ್ಪದೆ ಹೂ ತಂದ ಮಕ್ಕಳಿಗೂ ಕಬ್ಬು ಕೊಡಬೇಕು. ಅಂಗಡಿಯವನಿಗೆ ಇಬ್ಬರು ದೇವರೂ ಒಟ್ಟಿಗೆ ಒಲಿದ ಕಾಲ. ಕಬ್ಬಿನ ಹೊಣೆ ಹೊತ್ತ ಸ್ವಯಂಸೇವಕ ಮಾತ್ರ ಎರಡು ತಿಂಗಳ ಮುಂಚೆಯೇ ಮುಂಗಡ ಕೊಟ್ಟಿದ್ದರೂ, ಲಾರಿ ಇಗರ್ಜಿಯ ಅಂಗಳಕ್ಕೆ ಬರುವವರೆಗೆ ನಿದ್ರೆ ಕಾಣನು.

ಇಷ್ಟೆಲ್ಲ ಕೆಲಸಗಳ ನಡುವೆ ಅತಿ ಸೂಕ್ಷ್ಮವಾದದ್ದು ಹಬ್ಬದ ಹಿಂದಿನ ಸಂಜೆಯದು. ಕೊಯ್ದ ತೆನೆ ಬಂದು ಸಭಾಭವನದ ಚಾಪೆಯ ಮೇಲೆ ಬೀಳುತ್ತದೆ. ಐನೂರು ಮನೆಗಳಿರುವ ಇಗರ್ಜಿಯೆಂದು ಇಟ್ಟುಕೊಂಡರೂ, ಮನೆಗೆ ಐದೈದರಂತೆ ಎರಡೂವರೆ ಸಾವಿರ ತೆನೆಗಳು ಬೇಕು. ಜೊಳ್ಳನ್ನು ಬೇರೆ ಮಾಡಿ, ಎಣಿಸಿ, ಬಾಳೆನಾರಿನಿಂದ ಕಟ್ಟಿ, ಒಂದೊಂದು ವಾರ್ಡಿಗೆ ಒಂದೊಂದು ಬುಟ್ಟಿ ಮಾಡಬೇಕು. ವಾರ್ಡಿನ ಮುಖ್ಯಸ್ಥರಿಗೆ ಗುರಿಕಾರರೆಂದು ಹೆಸರು. ಅವರ ಕೈಯಲ್ಲಿ ಮನೆಗಳ ಪಟ್ಟಿ. ಪಟ್ಟಿ ಓದುವಾಗಲೇ ಊರಿನ ಒಂದು ವರ್ಷದ ಇತಿಹಾಸ ಹೊರಬರುತ್ತದೆ. ಈ ಮನೆಯವರು ಕೆನಡಕ್ಕೆ ಹೋದರು. ಆ ಮನೆಯಲ್ಲಿ ಮುದುಕಿ ಒಬ್ಬಳೇ, ಇಗರ್ಜಿಗೆ ಬರಲಾರಳು, ಯಾರಾದರೂ ಮುಟ್ಟಿಸಬೇಕು. ಅಣ್ಣ ತಮ್ಮಂದಿರು ಪಾಲಾದರು, ಇನ್ನು ಮುಂದೆ ಒಂದು ಕಟ್ಟಿನ ಜಾಗದಲ್ಲಿ ಎರಡು ಕಟ್ಟು.

“ಆ ಬಾಡಿಗೆ ಮನೆಯವರು ಹೊಸಬರು. ಪಟ್ಟಿಯಲ್ಲಿ ಹೆಸರಿಲ್ಲ,” ಎಂದು ಒಬ್ಬ ತರುಣ ಹೇಳಿದನೆನ್ನಿ.

“ಹೆಸರು ನಾಳೆ ಬರೆದುಕೊಳ್ಳೋಣ ಮಗಾ. ತೆನೆ ಇವತ್ತು ಕಟ್ಟು,” ಎನ್ನುವ ಹಿರಿಯ ಗುರಿಕಾರರೊಬ್ಬರು ಪ್ರತಿ ಇಗರ್ಜಿಯಲ್ಲೂ ಇರುತ್ತಾರೆ. ಇಗರ್ಜಿಯ ವಂತಿಗೆ ಬಾಕಿಯಿರುವವರು, ಪಾದ್ರಿಗಳೊಡನೆ ಮುನಿಸಿಕೊಂಡು ವರ್ಷವಿಡೀ ಹತ್ತಿರ ಸುಳಿಯದವರು—ಅವರ ಕಟ್ಟೂ ಬುಟ್ಟಿಯಲ್ಲಿರಬೇಕು. ತೆನೆ ತಲಪದ ಮನೆಯಲ್ಲಿ ನೊವೆಂ ಊಟಕ್ಕೆ ಅರ್ಥವಿಲ್ಲ. ಎಣಿಕೆಯಲ್ಲಿ ಒಂದು ತಪ್ಪಿದರೆ ಒಂದು ಮನೆಯ ಹಬ್ಬವೇ ತಪ್ಪಿತು. ಮುನಿಸು ಬಗೆಹರಿಯದೆ ಉಳಿದ ಮನೆಗೂ ಸೆಪ್ಟೆಂಬರಿನಲ್ಲಿ ಒಬ್ಬ ಸ್ವಯಂಸೇವಕ ಹೋಗಿ ಬಾಗಿಲು ತಟ್ಟುತ್ತಾನೆ. ಹೆಚ್ಚು ಮಾತಾಡಬೇಕಾಗಿಲ್ಲ. ಕೈಯಲ್ಲಿ ತೆನೆಯಿದ್ದರಾಯಿತು.

ಹಬ್ಬದ ಬೆಳಿಗ್ಗೆ ತೆನೆಯ ಆಶೀರ್ವಾದ, ಮೆರವಣಿಗೆ, ಬಲಿಪೂಜೆ, ಕಬ್ಬು ಹಂಚಿಕೆ. ಹೊಸ ಬಟ್ಟೆ ತೊಟ್ಟ ಸಂಸಾರಗಳು ತೆನೆ ಹಿಡಿದು ಮನೆಯತ್ತ ನಡೆಯುತ್ತವೆ. ಇಗರ್ಜಿಯ ಪರಿಚಾರಕನಿಗಂತೂ ನಸುಕಿನಿಂದ ಕುಳಿತು ಗೊತ್ತಿಲ್ಲ: ಗಂಟೆ ಹೊಡೆದವನು ಅವನೇ, ಮೇಣದಬತ್ತಿ ಹಚ್ಚಿದವನು ಅವನೇ, ಧ್ವನಿವರ್ಧಕ ಕೈಕೊಟ್ಟಾಗ ಬೈಸಿಕೊಂಡವನೂ ಅವನೇ. ಬೆಂಚುಗಳನ್ನು ಸರಿಸಿ, ಕಬ್ಬಿನ ಸಿಪ್ಪೆಯನ್ನು ಬಳಿದು, ಬಾಗಿಲು ಹಾಕುವಾಗ ಮಧ್ಯಾಹ್ನದ ಒಂದು ಗಂಟೆ ದಾಟಿರುತ್ತದೆ. ನೆಲ ಉಜ್ಜಿದ ಹೆಂಗಸರೂ ಆಗಲೇ ಹೊರಡುವುದು. ಅವರ ಮನೆಯಲ್ಲಿ ಎಲೆ ಹಾಕಿ ಕಾದಿರುತ್ತಾರೆ, ಏಕೆಂದರೆ ಮನೆಯ ಎಲ್ಲರೂ ಸೇರದೆ ನೊವೆಂ ಉಣ್ಣುವಂತಿಲ್ಲ. ಏಳು ಬಗೆಯ ಪದಾರ್ಥಗಳನ್ನು ಅವರು ಯಾವಾಗ ಬೇಯಿಸಿದರೆಂಬುದನ್ನು ಮಾತ್ರ ಕೇಳಬಾರದು. ಹಿಂದಿನ ರಾತ್ರಿ ತೆನೆ ಕಟ್ಟಿ ಬಂದ ಮೇಲೆ ಕೆಸುವಿನ ದಂಟಿನ ನಾರು ಸುಲಿದ ಕೈಗಳು ಇನ್ನೂ ತುರಿಸುತ್ತಿರುತ್ತವೆ.

ಮನೆಯ ಎಲ್ಲರೂ ಎಂದರೆ ಇಂದು ಎಷ್ಟು ಜನ? ಒಬ್ಬ ಮಗ ದುಬೈಯಲ್ಲಿ, ಮಗಳು ಮುಂಬಯಿಯಲ್ಲಿ. ದೂರದೂರಿನ ಮಂಗಳೂರಿಗರು ತಾವಿರುವಲ್ಲಿಯೇ ಕೂಡಿ ಹಬ್ಬ ಆಚರಿಸುತ್ತಾರಾದರೂ, ಊರಿನ ತೆನೆಯ ಕಾಳೇ ಬೇಕೆಂಬ ಹಂಬಲ ಹೋಗಿಲ್ಲ. ಆದಕಾರಣ ಕಟ್ಟಿನಿಂದ ಕೆಲವು ಕಾಳುಗಳನ್ನು ಬಿಡಿಸಿ, ಕಾಗದದಲ್ಲಿ ಮಡಿಚಿ, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ತಾಯಂದಿರು ಇದ್ದಾರೆ. ಅದು ತಲಪುವಾಗ ಹಬ್ಬ ಕಳೆದು ವಾರವಾಗಿರುತ್ತದೆ. ತಲಪಿದ ದಿನವೇ ಅಲ್ಲಿ ನೊವೆಂ.

ಗದ್ದೆಯಲ್ಲಿ ಉಳಿದ ಭತ್ತ ಪೂರ್ತಿ ಮಾಗಿದ ಮೇಲೆ ಕೊಯ್ಯುವ ಕೆಲಸ ಇನ್ನೂ ಬಾಕಿಯಿರುತ್ತದೆ. ಆ ದಿನ ಆ ಆರು ಜನರೇ ಬರುತ್ತಾರೆ. ಗದ್ದೆಯ ಒಡೆಯನು ಅಂಚಿನಲ್ಲಿ ನಿಂತು, ಮುಂದಿನ ವರ್ಷ ಇಲ್ಲಿ ಮನೆ ಕಟ್ಟುವ ಆಲೋಚನೆಯಿದೆಯೆಂದು ಸಂಕೋಚದಿಂದ ತಿಳಿಸಿದರೆ, ಗುರಿಕಾರರು ತಲೆಯಾಡಿಸಿ, ಬೇರೆ ಯಾರ ಗದ್ದೆ ಬೀಳುಬಿದ್ದಿದೆಯೆಂದು ಅವನನ್ನೇ ವಿಚಾರಿಸುತ್ತಾರೆ.