ಇಲ್ಲದವರಿಗಾಗಿ ಸುರಿದ ಕಣ್ಣೀರು

ಕಂಪ್ಯೂಟರಿನ ಪರದೆಯ ಮೇಲೆ ಬಣ್ಣಗಳಿಂದ ಬರೆದ ಒಂದು ಚಿತ್ರ ಸತ್ತುಹೋಯಿತೆಂದು ಪ್ರಾಯಕ್ಕೆ ಬಂದ ಮಕ್ಕಳು ನಿದ್ದೆಗೆಟ್ಟು ಕುಳಿತುಕೊಳ್ಳುವುದುಂಟೆ? ಉಂಟು. ಡಾನ್ ಸಾಲ್ವಾಟೊ ಎಂಬ ಅಮೆರಿಕದ ತರುಣ ತನ್ನ ಪುಟ್ಟ ತಂಡದೊಡನೆ ರಚಿಸಿ, 2017ರ ಸೆಪ್ಟೆಂಬರ್ 22ರಂದು ಹೊರತಂದ ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ಎಂಬ ಆಟಕ್ಕೆ ಜಗತ್ತಿನ ಅನೇಕ ಕಡೆಗಳ ಯುವಜನರು ಸ್ಪಂದಿಸಿದ ರೀತಿ ಇದಕ್ಕೆ ಸಾಕ್ಷಿ. ಮೊದಲ ಮೂರು ತಿಂಗಳಲ್ಲೇ ಹತ್ತು ಲಕ್ಷಕ್ಕೂ ಅಧಿಕ ಪ್ರತಿಗಳು ಕಂಪ್ಯೂಟರುಗಳಿಗೆ ಇಳಿದವು. ಆಟಕ್ಕೆ ಬೆಲೆಯಿಲ್ಲ, ಉಚಿತ. ಆದುದರಿಂದ ಅಪ್ಪನ ಬಳಿ ಹಣ ಕೇಳುವ ಪ್ರಮೇಯವೂ ಇಲ್ಲ. ಮನೆಗೆ ಇಂಥದೊಂದು ಬಂದಿದೆಯೆಂದು ಹಿರಿಯರಿಗೆ ತಿಳಿಯುವ ದಾರಿಯೂ ಇಲ್ಲ. ಇಂಟರ್ನೆಟ್ ಇರುವ ನಮ್ಮ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆಯಾದ ಕಾರಣ ಈ ಅಂಕಣದಲ್ಲಿ ಅದರ ವಿಚಾರ ಎತ್ತಿಕೊಂಡಿದ್ದೇವೆ.

ಇದು ಗುಂಡು ಹಾರಿಸುವ, ಕಾರು ಓಡಿಸುವ ಬಗೆಯ ಆಟವಲ್ಲ. ಜಪಾನಿನಲ್ಲಿ ಬೆಳೆದುಬಂದ ‘ವಿಷುವಲ್ ನಾವೆಲ್’ ಎಂಬ ಪ್ರಕಾರಕ್ಕೆ ಸೇರಿದ್ದು. ಚಿತ್ರಗಳುಳ್ಳ ಕಾದಂಬರಿ ಎಂದರೆ ಸರಿಹೋದೀತು. ಪರದೆಯ ಮೇಲೆ ಪಾತ್ರಗಳು ನಿಂತಿರುತ್ತವೆ, ಕೆಳಗೆ ಅವುಗಳ ಮಾತು ಮೂಡುತ್ತದೆ, ಓದುಗನು ಗುಂಡಿ ಒತ್ತಿದಂತೆ ಕಥೆ ಸಾಗುತ್ತದೆ. ಅಲ್ಲಲ್ಲಿ ಮಾತ್ರ ‘ಈಗ ನೀನು ಏನೆನ್ನುವೆ?’ ಎಂಬ ಆಯ್ಕೆ ಎದುರಾಗುತ್ತದೆ. ಇಲ್ಲಿನ ಕಥೆಯಲ್ಲಿ ಶಾಲೆಯೊಂದರ ಸಾಹಿತ್ಯ ಕೂಟ, ಅದರಲ್ಲಿ ನಾಲ್ವರು ಹುಡುಗಿಯರು: ಸಾಯೋರಿ, ನಾತ್ಸುಕಿ, ಯೂರಿ ಮತ್ತು ಕೂಟದ ಅಧ್ಯಕ್ಷೆ ಮೋನಿಕಾ. ಆಟವಾಡುವವನು ಹೊಸದಾಗಿ ಸೇರಿದ ಹುಡುಗ. ಆತ ಇಪ್ಪತ್ತು ಪದಗಳನ್ನು ಆರಿಸಿ ಕವನ ಕಟ್ಟಬೇಕು. ಆರಿಸಿದ ಪದಗಳಿಗೆ ತಕ್ಕಂತೆ ಒಬ್ಬಳಲ್ಲ ಒಬ್ಬಳು ಮೆಚ್ಚುತ್ತಾಳೆ. ಗುಲಾಬಿ ಬಣ್ಣದ ಚಿತ್ರಗಳು, ಇಂಪಾದ ಸಂಗೀತ. ಪ್ರಾರಂಭದಲ್ಲಿ ಮಾತ್ರ ಒಂದು ಎಚ್ಚರಿಕೆ: ಇದು ಮಕ್ಕಳಿಗೆ ಹಾಗೂ ಬೇಗನೆ ಮನಸ್ಸು ಕದಡುವವರಿಗೆ ತಕ್ಕುದಲ್ಲ. ಹದಿಮೂರು ವರ್ಷ ತುಂಬಿದೆಯೆಂದು ಒಪ್ಪಿಕೊಂಡವರಿಗೆ ಬಾಗಿಲು ತೆರೆಯುತ್ತದೆ. ಹೀಗೆ ಒಪ್ಪಿಕೊಳ್ಳಲು ಹನ್ನೊಂದು ವರ್ಷದ ಬೆರಳಿಗೂ ಕಷ್ಟವಿಲ್ಲವೆಂಬುದು ಬೇರೆ ಮಾತು!

ಸಾಯೋರಿ ಆ ಹುಡುಗನ ಬಾಲ್ಯದ ಗೆಳತಿ. ಸದಾ ನಗುಮುಖದವಳು, ತುಸು ಪೆದ್ದು, ಬೆಳಗ್ಗೆ ಎಂದೂ ಹೊತ್ತಿಗೆ ಸರಿಯಾಗಿ ಏಳದವಳು. ಕಥೆ ಅರ್ಧ ಸಾಗಿದ ಮೇಲೆ ಆಕೆ ಸತ್ಯ ಹೇಳುತ್ತಾಳೆ: ಬಹುಕಾಲದಿಂದ ತಾನು ಮಾನಸಿಕ ಖಿನ್ನತೆಯಲ್ಲಿದ್ದೇನೆ, ಹಾಸಿಗೆಯಿಂದ ಏಳುವುದಕ್ಕೆ ಕಾರಣವೇ ಕಾಣದಿರುವುದರಿಂದ ಬೆಳಗ್ಗೆ ತಡವಾಗುತ್ತದೆ, ಇತರರು ತನ್ನ ಚಿಂತೆ ಮಾಡಬಾರದೆಂದು ನಗುತ್ತಿರುತ್ತೇನೆ. ಆಗ ಆಟಗಾರನ ಮುಂದೆ ಎರಡು ಉತ್ತರಗಳನ್ನಿಡಲಾಗುತ್ತದೆ. ನಾನು ನಿನ್ನನ್ನು ಪ್ರೀತಿಸುತ್ತೇನೆ ಎನ್ನಬಹುದು, ಇಲ್ಲವೇ ನೀನೆಂದೆಂದಿಗೂ ನನ್ನ ಆಪ್ತ ಗೆಳತಿ ಎನ್ನಬಹುದು. ಯಾವುದನ್ನು ಆರಿಸಿದರೂ ಮರುದಿನ ಆಕೆ ಜೀವಂತವಿರುವುದಿಲ್ಲ. ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಿರುತ್ತಾಳೆ. ಅಲ್ಲಿಂದ ಮುಂದೆ ಆಟವೇ ಕೆಟ್ಟುಹೋದಂತೆ ತೋರುತ್ತದೆ. ಸಾಯೋರಿ ಎಂಬವಳು ಎಂದೂ ಇರಲೇ ಇಲ್ಲವೆಂಬಂತೆ ಕಥೆ ಮೊದಲಿನಿಂದ ಆರಂಭಗೊಳ್ಳುತ್ತದೆ. ಕೊನೆಗೆ ತಿಳಿಯುವುದೇನೆಂದರೆ, ತಾನೊಂದು ಆಟದ ಪಾತ್ರವೆಂದು ಅರಿತ ಮೋನಿಕಾ ಏಕಾಂಗಿತನವನ್ನು ತಾಳಲಾರದೆ ಉಳಿದವರ ಸ್ವಭಾವವನ್ನು ತಿದ್ದಿ, ಅವರನ್ನು ಒಬ್ಬೊಬ್ಬರಾಗಿ ಇಲ್ಲವಾಗಿಸಿದ್ದಾಳೆ. ಕಥೆಯ ಹುಡುಗನನ್ನು ಬಿಟ್ಟು, ಪರದೆಯ ಈಚೆ ಕುಳಿತವನನ್ನೇ ಉದ್ದೇಶಿಸಿ ಆಕೆ ಮಾತಾಡುತ್ತಾಳೆ. ಆಟ ಮುಂದುವರಿಯಬೇಕಾದರೆ ಆಟಗಾರನು ತನ್ನ ಕಂಪ್ಯೂಟರಿನ ಕಡತಗಳ ನಡುವಿನಿಂದ ಮೋನಿಕಾಳ ಹೆಸರಿನ ಫೈಲನ್ನು ಹುಡುಕಿ ಸ್ವಹಸ್ತದಿಂದ ಅಳಿಸಬೇಕು.

ಆಡಿದವರು ಏನು ಮಾಡಿದರು? ಸಾಯೋರಿ ಸತ್ತ ಕೂಡಲೇ ಅನೇಕರು ಹಿಂದಕ್ಕೆ ಹೋದರು. ಇಂಥ ಆಟಗಳಲ್ಲಿ ನಡುನಡುವೆ ಗುರುತು ಉಳಿಸಿಕೊಂಡು, ತಪ್ಪಿದರೆ ಅಲ್ಲಿಂದ ಮತ್ತೆ ಆಡುವ ವ್ಯವಸ್ಥೆ ಇರುತ್ತದೆ. ಇಲ್ಲಿ ಆ ಗುರುತುಗಳೂ ಅಳಿದುಹೋಗಿದ್ದವು. ಮತ್ತೆ ಮೊದಲಿನಿಂದ ಆಡಿ, ಬೇರೆ ಪದ, ಬೇರೆ ಉತ್ತರ ಆರಿಸಿ ಆಕೆಯನ್ನು ಬದುಕಿಸಲು ಯತ್ನಿಸಿದವರಿದ್ದಾರೆ. ಮೋನಿಕಾಳ ಫೈಲನ್ನು ಅಳಿಸಲು ಕೈಬಾರದೆ ಅದರ ನಕಲು ಮಾಡಿ ಬೇರೆಡೆ ಜೋಪಾನವಾಗಿಟ್ಟುಕೊಂಡವರಿದ್ದಾರೆ. ಆಕೆಯೊಡನೆ ದಿನವೂ ಮಾತಾಡುತ್ತ, ಚದುರಂಗವಾಡುತ್ತ ಇರಬಹುದಾದಂಥ ‘ಮೋನಿಕಾ ಆಫ್ಟರ್ ಸ್ಟೋರಿ’ ಎಂಬ ಪ್ರತ್ಯೇಕ ತಂತ್ರಾಂಶವನ್ನೇ ಅಭಿಮಾನಿಗಳು ಕೂಡಿ ರಚಿಸಿದರು. ಸಾಯೋರಿಯ ಮಾತಿನಲ್ಲಿ ತಮ್ಮದೇ ಬಾಳನ್ನು ಕಂಡೆವೆಂದು ಹೇಳಿಕೊಂಡವರುಂಟು. ಅವರಲ್ಲಿ ಕೆಲವರಿಗೆ ಅದು ಸಾಂತ್ವನ, ಮತ್ತೆ ಕೆಲವರಿಗೆ ಹಳೆಯ ಗಾಯದ ಮೇಲೆ ಬರೆ. ಇನ್ನು ತಾವು ಆಡುವುದನ್ನು, ಬೆಚ್ಚುವುದನ್ನು, ಅಳುವುದನ್ನು ಚಿತ್ರೀಕರಿಸಿ ಲೋಕಕ್ಕೆ ತೋರಿಸಿದವರಿಗೂ, ಅದನ್ನು ನೋಡಲು ಕುಳಿತ ಲಕ್ಷಾಂತರ ಮಂದಿಗೂ ಲೆಕ್ಕವಿಲ್ಲ. ಯಾರೋ ಅಳುವುದನ್ನು ನೋಡುವುದೂ ಒಂದು ಮನರಂಜನೆಯಾಯಿತು.

ಇದೆಲ್ಲ ಹುಡುಗಾಟವೆಂದು ನಕ್ಕುಬಿಡುವುದು ಸುಲಭ. ನಾವು ಹಾಗೆ ನಗಲಾರೆವು. ಇಲ್ಲದವರಿಗಾಗಿ ಅಳುವುದು ಹೊಸ ಸಂಗತಿಯೂ ಅಲ್ಲ. ಟಾಲ್‌ಸ್ಟಾಯ್ ಅವರ ಆನ್ನಾ ಕರೆನಿನಾ ಎಂದೂ ಬದುಕಿರಲಿಲ್ಲವೆಂದು ಬಲ್ಲ ನಾವು ಆಕೆಯ ಗತಿಗೆ ಮರುಗುವುದು ಹೇಗೆ ಸಾಧ್ಯವೆಂದು ಕಾಲಿನ್ ರ‍್ಯಾಡ್‌ಫರ್ಡ್ ಎಂಬ ತತ್ವಶಾಸ್ತ್ರಜ್ಞರು 1975ರಲ್ಲಿ ಪ್ರಶ್ನಿಸಿ, ಇದು ತರ್ಕಕ್ಕೆ ಒಪ್ಪದ ನಡತೆಯೆಂದೇ ಹೇಳಿದರು. ಆದರೆ ಮನುಷ್ಯನ ಹೃದಯ ತರ್ಕದ ಅಪ್ಪಣೆಗಾಗಿ ಕಾದುನಿಲ್ಲುವುದಿಲ್ಲ. ಭಾವಾವೇಗಗಳು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ವಿವೇಕ ಮತ್ತು ಸಂಕಲ್ಪಗಳು ಅವನ್ನು ಎತ್ತ ಒಯ್ಯುತ್ತವೆ ಎಂಬುದೇ ಮುಖ್ಯವೆಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದ್ದಾರೆ. ಪರದೆಯ ಮುಂದೆ ಅತ್ತ ಬಾಲಕನ ಕಣ್ಣೀರು ನಿಜವಾದ ಕಣ್ಣೀರು. ಅದು ಎಲ್ಲಿಗೆ ಹರಿಯಿತು ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಯನ್ನು ಸಂತ ಅಗಸ್ಟೀನರಷ್ಟು ಆಳವಾಗಿ ಕೇಳಿಕೊಂಡವರು ವಿರಳ. ತಮ್ಮ ‘ಆತ್ಮನಿವೇದನೆ’ಯ ಮೂರನೆಯ ಭಾಗದಲ್ಲಿ ಅವರು ಕಾರ್ತೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ನಾಟಕಶಾಲೆಗೆ ಮರುಳಾಗಿದ್ದುದನ್ನು ನೆನೆಯುತ್ತಾರೆ. ತನಗೆ ಬಂದರೆ ಬೇಡವೆನ್ನುವ ದುಃಖವನ್ನು ರಂಗದ ಮೇಲೆ ಕಂಡು ಮನುಷ್ಯ ಸುಖಿಸುವುದೇಕೆ? ಅವರು ಗಮನಿಸಿದ ಒಂದು ಸೂಕ್ಷ್ಮವಿದೆ: ನಾಟಕದ ಪ್ರೇಕ್ಷಕನನ್ನು ಯಾರೂ ನೆರವಿಗೆ ಕರೆಯುವುದಿಲ್ಲ, ಮರುಗುವುದಕ್ಕಷ್ಟೇ ಕರೆಯುತ್ತಾರೆ. ನಿಜವಾದ ಕರುಣೆಯಾದರೋ ನೋವನ್ನು ನೀಗಿಸಲು ಕೈಚಾಚುತ್ತದೆ.

ಹದಿನಾರು ಶತಮಾನಗಳ ಈಚೆಗೆ ಬಂದ ಈ ಆಟ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿದೆ. ಇದು ಪ್ರೇಕ್ಷಕನನ್ನು ನೆರವಿಗೂ ಕರೆಯುತ್ತದೆ. ಉತ್ತರ ಕೊಡು, ಆರಿಸು ಎನ್ನುತ್ತದೆ. ಆತ ಮನಃಪೂರ್ವಕ ಆರಿಸುತ್ತಾನೆ. ಆದರೆ ಆ ನೆರವಿಗೆ ಫಲವಿಲ್ಲವೆಂದು ಮೊದಲೇ ಬರೆದಿಡಲಾಗಿದೆ! ಎರಡು ಬಾಗಿಲುಗಳೂ ಒಂದೇ ಕೋಣೆಗೆ ತೆರೆಯುತ್ತವೆ. ಕಲೆಯ ದೃಷ್ಟಿಯಿಂದ ಇದು ಜಾಣತನ. ಆಟಗಾರನ ಅಸಹಾಯಕತೆಯೇ ಅಲ್ಲಿನ ಭಯದ ಮೂಲ. ಲೇಖಕನು ಕೆಟ್ಟ ಉದ್ದೇಶದಿಂದ ಹೀಗೆ ಮಾಡಿದನೆಂದು ನಾವು ಹೇಳುವುದಿಲ್ಲ. ಆದರೂ ಇದರಿಂದ ಎಳೆಯ ಮನಸ್ಸು ಏನನ್ನು ಕಲಿಯಬಹುದೆಂಬ ಬಗ್ಗೆ ನಮಗೆ ಆತಂಕವಿದೆ. ನೊಂದವರಿಗೆ ಯಾವ ಮಾತು ಹೇಳಿದರೂ ಪ್ರಯೋಜನವಿಲ್ಲ ಎಂದು ಒಬ್ಬ ಕಲಿತಾನು. ಆ ಒಂದು ಮಾತನ್ನು ಸರಿಯಾಗಿ ಹೇಳಿದ್ದರೆ ಆಕೆ ಉಳಿಯುತ್ತಿದ್ದಳು, ತಪ್ಪೆಲ್ಲ ನನ್ನದೇ ಎಂದು ಇನ್ನೊಬ್ಬ ಕೊರಗಿಯಾನು. ನೋಡಲು ವಿರುದ್ಧವಾದರೂ ಎರಡರ ಬೇರು ಒಂದೇ. ಮನುಷ್ಯನ ಬಾಳು ಒಂದು ಪ್ರಶ್ನೆ, ಒಂದು ಉತ್ತರದಲ್ಲಿ ತೀರ್ಮಾನವಾಗುತ್ತದೆ ಎಂಬ ತಿಳಿವಳಿಕೆ ಅದು. ಬರೆದಿಟ್ಟ ಪಾತ್ರಕ್ಕೆ ಸಲ್ಲುವ ಈ ಮಾತು ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ವ್ಯಕ್ತಿಗೆ ಸಲ್ಲದು. ಇಂದು ಕೊಟ್ಟ ಉತ್ತರ ಸಾಲದಿದ್ದರೆ ನಾಳೆ ಮತ್ತೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಬಹುದು. ವೈದ್ಯರ ಬಳಿಗೆ ಕರೆದೊಯ್ಯಬಹುದು. ತಾಯಿಗೆ, ಶಿಕ್ಷಕರಿಗೆ ತಿಳಿಸಬಹುದು. ಕಥೆಯ ಹುಡುಗ ಇದಾವುದನ್ನೂ ಮಾಡಲಿಲ್ಲ. ಮಾಡುವ ಅವಕಾಶವನ್ನೇ ಆತನಿಗೆ ಕೊಟ್ಟಿರಲಿಲ್ಲ. 2021ರ ಜೂನ್ ತಿಂಗಳಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲಿ, ಕ್ಷೋಭೆಗೊಳಿಸುವ ದೃಶ್ಯಗಳಿಗೆ ಮೊದಲು ಎಚ್ಚರಿಸುವ ಸೌಲಭ್ಯವಿದೆ. ಅದೇ ಹುಡುಗಿಯರು ಒಬ್ಬರನ್ನೊಬ್ಬರು ಅರಿತು ಗೆಳತಿಯರಾಗುವ, ಭಯಾನಕವಲ್ಲದ ಉಪಕಥೆಗಳೂ ಇವೆ. ಇದನ್ನು ಹೇಳದಿದ್ದರೆ ನ್ಯಾಯವಾಗದು.

ನಮ್ಮ ಕುಟುಂಬಗಳು ಈ ಕಥೆಯಲ್ಲಿ ಗಮನಿಸಬೇಕಾದುದು ಸಾಯೋರಿಯ ಸಾವಿಗಿಂತಲೂ ಆಕೆಯ ಬೆಳಗನ್ನು. ಹೊತ್ತೇರಿದರೂ ಮಗ ಹಾಸಿಗೆ ಬಿಟ್ಟೇಳುವುದಿಲ್ಲ, ಭಾನುವಾರದ ಬಲಿಪೂಜೆಗೆ ಎಬ್ಬಿಸಿದರೆ ಮಗಳು ಗೋಡೆಯ ಕಡೆ ಹೊರಳುತ್ತಾಳೆ. ಸೋಮಾರಿ, ಭಕ್ತಿಯಿಲ್ಲದವಳು ಎಂಬ ಬಿರುದು ಕೂಡಲೇ ಸಿದ್ಧ. ಹಲವೊಮ್ಮೆ ಅದು ಸೋಮಾರಿತನವೇ ಇದ್ದೀತು. ಆದರೆ ಕೇಳಿ ನೋಡಿದವರೆಷ್ಟು ಮಂದಿ? ಪ್ರವಾದಿ ಎಲೀಯನು ಜೆಜೆಬೆಲಳಿಗೆ ಹೆದರಿ ಮರುಭೂಮಿಗೆ ಓಡಿ, ಗಿಡವೊಂದರ ನೆರಳಿನಲ್ಲಿ ಕುಳಿತು, ಇನ್ನು ಸಾಕು, ಸಾವು ಬರಲಿ ಎಂದು ಬೇಡಿ ಮಲಗಿಬಿಟ್ಟನಲ್ಲವೆ? ದೇವದೂತನು ಆತನಿಗೆ ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲ ಬಂದು ಪುನಃ ಉಣಿಸಿದ. ಹೋರೇಬ್ ಬೆಟ್ಟದ ನಲವತ್ತು ದಿನಗಳ ಪಯಣ ಅದಾದ ಮೇಲಿನದು. ದೇವದೂತನೇ ಎರಡು ಸಲ ಬರಬೇಕಾಯಿತೆಂದ ಮೇಲೆ ನಾವು ಒಮ್ಮೆ ಗದರಿಸಿ ಫಲ ನಿರೀಕ್ಷಿಸುವುದು ಹೇಗೆ?

ಅಂದಹಾಗೆ ಆಟದ ಅಧ್ಯಕ್ಷೆಯ ಹೆಸರು ಮೋನಿಕಾ ಎಂದಿರುವುದು ಕಾಕತಾಳೀಯವಿರಬೇಕು. ಸಂತ ಅಗಸ್ಟೀನರ ತಾಯಿಯ ಹೆಸರೂ ಅದೇ. ನಾಟಕದ ಕಣ್ಣೀರನ್ನು ಟೀಕಿಸಿದ ಆ ಮೂರನೆಯ ಭಾಗದ ಕೊನೆಯಲ್ಲಿಯೇ ತಮಗಾಗಿ ತಾಯಿ ಸುರಿಸಿದ ಕಣ್ಣೀರಿನ ಕಥೆಯನ್ನೂ ಅವರು ಬರೆದಿದ್ದಾರೆ. ಆಕೆ ಅತ್ತು ಸುಮ್ಮನೆ ಕೂರಲಿಲ್ಲ. ಮಗನೊಡನೆ ಮಾತಾಡಿರೆಂದು ಧರ್ಮಾಧ್ಯಕ್ಷರೊಬ್ಬರನ್ನು ಅವರು ಬೇಸರಗೊಳ್ಳುವಷ್ಟು ಕಾಡಿದಳು, ಮುಂದೆ ಸಮುದ್ರ ದಾಟಿ ಇಟಲಿಯವರೆಗೂ ಮಗನನ್ನು ಹಿಂಬಾಲಿಸಿದಳು. ಆಟದ ಮೋನಿಕಾಳನ್ನು ಅಳಿಸಲಾರದೆ ಬಚ್ಚಿಟ್ಟುಕೊಂಡ ಹುಡುಗರನ್ನು ನಾವು ಹಳಿಯುವುದಿಲ್ಲ. ಆಕೆ ಏಕಾಂಗಿಯೆಂದು ಅವರಿಗೆ ಮರುಕ ಬಂತು, ಅಷ್ಟೆ. ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಊಟ ಮಾಡುವ ಹುಡುಗನೊಬ್ಬನಿದ್ದಾನೆ ಎಂದು ಅವರಿಗೆ ನೆನಪಿಸಲು ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದು?

ಇನ್ನು ನಮ್ಮವರು ಮಾತಾಡಲು ಅಂಜುವ ವಿಷಯ. ಆತ್ಮಹತ್ಯೆ ಎಂಬ ಪದ ಬಂದೊಡನೆ ಮನೆಗಳಲ್ಲಿ ಮೌನ ಕವಿಯುತ್ತದೆ. ಇದಕ್ಕೆ ಹಿಂದಿನ ಕಟ್ಟಳೆಯೂ ಕಾರಣ. 1917ರ ಧರ್ಮಸಭೆಯ ಕಾನೂನು, ಉದ್ದೇಶಪೂರ್ವಕ ತಮ್ಮ ಪ್ರಾಣ ತೆಗೆದುಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. 1992ರಲ್ಲಿ ಪ್ರಕಟಗೊಂಡ ಕಥೋಲಿಕ ಧರ್ಮಸಭೆಯ ಕ್ಯಾಟಿಕಿಸಂ ಆತ್ಮಹತ್ಯೆಯನ್ನು ಘೋರವೆಂದೇ ಸಾರುತ್ತ, ತೀವ್ರ ಮಾನಸಿಕ ವ್ಯಾಧಿ, ಸಂಕಟ, ಭಯಗಳು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲವೆಂದೂ, ಅಂಥವರ ನಿತ್ಯರಕ್ಷಣೆಯ ವಿಷಯದಲ್ಲಿ ನಿರಾಶರಾಗಕೂಡದೆಂದೂ ತಿಳಿಸುತ್ತದೆ. ಹೀಗಿದ್ದೂ ಇಂದಿಗೂ ಅಂಥ ಸಾವಾದ ಮನೆಯ ಮುಂದೆ ತಲೆ ತಗ್ಗಿಸಿ ನಡೆದುಹೋಗುವವರನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ಈ ಪದ ಉಚ್ಚರಿಸಲಾಗದ ಮಕ್ಕಳು ಅದನ್ನು ಆಟವೊಂದರಲ್ಲಿ ಮೊದಲು ಕೇಳಿದರೆ ಅಚ್ಚರಿಯಿಲ್ಲ.

ಬ್ರಿಟನ್ನಿನಲ್ಲಿ 2018ರಲ್ಲಿ ಬಾಲಕನೊಬ್ಬನ ಮರಣದ ಸಂಬಂಧ ಈ ಆಟದ ಹೆಸರು ಕೇಳಿಬಂದು, ಶಾಲೆಗಳು ಪಾಲಕರಿಗೆ ಎಚ್ಚರಿಕೆ ನೀಡಿದವು. ಒಂದು ಆಟವೇ ಒಂದು ಸಾವಿಗೆ ಕಾರಣವೆಂದು ದೂರದಲ್ಲಿ ಕುಳಿತು ತೀರ್ಪು ಕೊಡುವುದು ನಮಗೆ ಸರಿಕಾಣದು. ಎಳೆಯರಿಗೆ ಇದು ಬೇಡವೆಂಬುದು ಮಾತ್ರ ನಮ್ಮ ಸ್ಪಷ್ಟ ಅಭಿಪ್ರಾಯ. ಹದಿಮೂರು ಎಂಬ ಗಡಿಯೂ ನಮ್ಮ ದೃಷ್ಟಿಯಲ್ಲಿ ಸಾಲದು. ಮೊದಲೇ ಕುಗ್ಗಿದ ಮನಸ್ಸಿನವರು, ವಯಸ್ಸೆಷ್ಟೇ ಆಗಿರಲಿ, ಇದರಿಂದ ದೂರವಿರಬೇಕು. ಆದರೆ ಮಗ ಈಗಾಗಲೇ ಆಡಿ ಮುಗಿಸಿದ್ದರೆ ಕಂಪ್ಯೂಟರನ್ನು ಕಿತ್ತಿಡುವುದರಿಂದ ಏನೂ ಸಿಗದು. ಆತನ ಪಕ್ಕದಲ್ಲಿ ಕುಳಿತು, ಯಾವ ಘಟ್ಟದಲ್ಲಿ ದುಃಖವಾಯಿತು ಮಗಾ, ಆ ಹುಡುಗಿ ಹೇಳಿದಂತೆ ನಿನಗೂ ಎಂದಾದರೂ ಅನಿಸಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ಭಯ ಹಲವರಿಗಿದೆ. ಈ ಕ್ಷೇತ್ರದಲ್ಲಿ ದುಡಿಯುವ ವೈದ್ಯರು ಆ ಭಯಕ್ಕೆ ಆಧಾರವಿಲ್ಲವೆನ್ನುತ್ತಾರೆ. ಹೌದೆಂಬ ಉತ್ತರ ಬಂದರೆ ಜಪಸರದ ಪ್ರಾರ್ಥನೆಯೂ ಇರಲಿ, ವೈದ್ಯರ ಭೇಟಿಯೂ ಆಗಲಿ. ಒಂದಕ್ಕಾಗಿ ಇನ್ನೊಂದನ್ನು ಬಿಡುವ ಅಗತ್ಯವಿಲ್ಲ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬಾರದು. ಯಾರಿಗೆ ಹೇಳುವುದೆಂದು ತೋಚದವರಿಗಾಗಿ ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆಯಿದೆ. ಅದರ ಸಂಖ್ಯೆ 14416. ಹಗಲೂ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು.