ಗೆರೆಯಿಂದ ಆಚೆ ಹೋದ ಬಿಂದು

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್ ನೆನಪಿದೆಯಾ? ಉತ್ತರ ಎಷ್ಟು ಬರಬೇಕು ಅಂತ ಸೀನಿಯರ್‌ಗಳ ರೆಕಾರ್ಡ್ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದವರು ನಾವು. ಗ್ರಾಫ್‌ನಲ್ಲಿ ಒಂದು ಬಿಂದು ಗೆರೆಯಿಂದ ಆಚೆ ಹೋದರೆ ರಬ್ಬರ್ ತಗೊಂಡು ಅಳಿಸಿದ್ದೇವೆ. ಇದು ಸಣ್ಣ ವಿಷಯ ಅಲ್ಲ ಅನ್ನೋದು ನಮ್ಮ ವಾದ. ಯಾಕೆ ಅಂತ ಒಂದು ಪ್ರಯೋಗದ ಮೂಲಕ ಹೇಳ್ತೀವಿ.

ಭೂಮಿಯ ಒಳತಿರುಳು ಬಹುಪಾಲು ಘನ ಕಬ್ಬಿಣ, ಅದರ ಸುತ್ತಲಿನ ಹೊರತಿರುಳು ದ್ರವ. ಎರಡರ ಗಡಿಯಲ್ಲಿ ಒತ್ತಡ ಸುಮಾರು 330 ಗಿಗಾಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ 30 ಲಕ್ಷ ಪಟ್ಟಿಗೂ ಹೆಚ್ಚು. ಇಂಥ ಒತ್ತಡದಲ್ಲಿ ಕಬ್ಬಿಣ ಕರಗಿತೋ ಇಲ್ಲವೋ ಅಂತ ಕಣ್ಣಲ್ಲಿ ನೋಡೋಕಾಗಲ್ಲ. ಆದರೆ ಶಬ್ದದ ವೇಗ ಸುಳಿವು ಕೊಡುತ್ತೆ: ಕರಗಿದ ಲೋಹ ಬಿಗಿತ ಕಳ್ಕೊಳ್ಳುತ್ತೆ, ಅದರಲ್ಲಿ ಶಬ್ದದ ವೇಗ ಇಳಿಯುತ್ತೆ.

ಅಳೆಯೋದು ಹೇಗೆ? ಗ್ಯಾಸ್ ಗನ್‌ನಿಂದ ಲೋಹದ ತಟ್ಟೆಯೊಂದನ್ನು ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಕಬ್ಬಿಣಕ್ಕೆ ಗುದ್ದಿಸ್ತಾರೆ. ಆಘಾತ ತರಂಗ ಮುಂದೆ ಓಡುತ್ತೆ. ಗುದ್ದಿದ ತಟ್ಟೆಯ ಹಿಂಬದಿಯಿಂದ ಒತ್ತಡ ಇಳಿಸುವ ಇನ್ನೊಂದು ತರಂಗ ಶಬ್ದದ ವೇಗದಲ್ಲಿ ಅದನ್ನು ಬೆನ್ನಟ್ಟುತ್ತೆ. ಕಬ್ಬಿಣದ ಆಚೆ ಬ್ರೋಮೋಫಾರ್ಮ್ ದ್ರವ ಇಟ್ಟಿರ್ತಾರೆ. ಆಘಾತ ತರಂಗ ಅದರೊಳಗೆ ಹೋದಾಗ ಬೆಳಕು ಹೊಮ್ಮುತ್ತೆ, ಹಿಂದಿನದು ಬಂದು ಹಿಡಿದ ಕ್ಷಣ ಬೆಳಕು ಮಂಕಾಗುತ್ತೆ. ಕಬ್ಬಿಣವನ್ನು ಮೆಟ್ಟಿಲಿನ ಹಾಗೆ ಬೇರೆ ಬೇರೆ ದಪ್ಪಕ್ಕೆ ಮಾಡಿರೋದರಿಂದ, ಬೆಳಕಿದ್ದ ಸಮಯವನ್ನೂ ದಪ್ಪವನ್ನೂ ಗ್ರಾಫ್ ಹಾಕಬಹುದು. ಗೆರೆಯನ್ನು ಸಮಯ ಸೊನ್ನೆಯಾಗುವವರೆಗೆ ಎಳೆದರೆ ಸಿಗುವ ದಪ್ಪದಿಂದ ಶಬ್ದದ ವೇಗ ಬರುತ್ತೆ. ಎಲ್ಲಾ ಮುಗಿಯೋದು ಮೈಕ್ರೋಸೆಕೆಂಡ್‌ಗಳ ಲೆಕ್ಕದಲ್ಲಿ.

1986ರಲ್ಲಿ ಬ್ರೌನ್ ಮತ್ತು ಮೆಕ್‌ಕ್ವೀನ್ ಪ್ರಕಟಿಸಿದ ಫಲಿತಾಂಶದಲ್ಲಿ ವೇಗ ಎರಡು ಕಡೆ ಮುರಿದಿತ್ತು: 200 ಮತ್ತು 243 ಗಿಗಾಪ್ಯಾಸ್ಕಲ್‌ನಲ್ಲಿ. ಮೊದಲನೆಯದು ಘನರೂಪದಲ್ಲೇ ಆದ ಬದಲಾವಣೆ, ಎರಡನೆಯದು ಕರಗುವಿಕೆ ಅಂತ ಅವರು ಅರ್ಥೈಸಿದರು. 2004ರಲ್ಲಿ ನುಯೆನ್ ಮತ್ತು ಹೋಮ್ಸ್ ಮತ್ತೆ ಅಳೆದಾಗ ಕಂಡದ್ದು ಒಂದೇ ಬದಲಾವಣೆ. ಕರಗೋದು ಶುರುವಾಗೋದು 225ರಲ್ಲಿ ಅಂದರು.

ಗಮನಿಸಿ, ಇಲ್ಲಿ ಕರಗುವಿಕೆ ಗೊತ್ತಾಗಿದ್ದೇ ಗೆರೆ ಮುರಿದ ಜಾಗದಲ್ಲಿ. ಅಲ್ಲಿ ರಬ್ಬರ್ ಆಡಿಸಿದ್ದರೆ ಉತ್ತರವೇ ಅಳಿಸಿ ಹೋಗ್ತಿತ್ತು. ಎರಡನೇ ತಂಡ ಕೂಡ ಸೀನಿಯರ್‌ಗಳ ರೆಕಾರ್ಡ್‌ಗೆ ತಮ್ಮ ರೀಡಿಂಗ್ ಹೊಂದಿಸಲಿಲ್ಲ.

ಮಾರ್ಕ್ಸ್ ಹೋಗುತ್ತೆ ಅನ್ನೋ ಭಯ ನಮಗೂ ಇದೆ. ಅದಕ್ಕೇ ಮೇಷ್ಟ್ರುಗಳಲ್ಲೂ ಒಂದು ಕೋರಿಕೆ: ಉತ್ತರ ಪುಸ್ತಕಕ್ಕೆ ಎಷ್ಟು ಹತ್ತಿರ ಇದೆ ಅಂತ ಮಾತ್ರ ನೋಡಬೇಡಿ, ಯಾಕೆ ದೂರ ಹೋಯ್ತು ಅಂತ ಬರೆದವರಿಗೂ ಮಾರ್ಕ್ಸ್ ಕೊಡಿ. ನಾವು ಮುಂದಿನ ಲ್ಯಾಬ್‌ನಿಂದ ಬಂದ ರೀಡಿಂಗ್ ಅನ್ನೇ ಪೆನ್ನಲ್ಲಿ ಬರೆಯೋಣ.