ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸಿ, ಆದರೆ ಅರ್ಧ ಕೆಲಸ ಮಾಡಬೇಡಿ

"ಬ್ರೇಕಿಗೆ ಮನೆಯಲ್ಲಿ ಕೈ ಹಾಕಬೇಡಿ, ಗ್ಯಾರೇಜಿಗೆ ಬಿಡಿ." ಲೋಡ್ ಗಾಡಿ ಇಟ್ಟುಕೊಂಡ ಎಲ್ಲರೂ ಈ ಬುದ್ಧಿಮಾತು ಕೇಳಿಯೇ ಇರುತ್ತೀರಿ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಮ್ಮ ಹಳ್ಳಿಗಳ ಗಾಡಿಗಳು ಸವೆದ ಬ್ರೇಕಿನಲ್ಲಿ ಓಡುತ್ತಿರುವುದಕ್ಕೆ ಈ ಮಾತೂ ಒಂದು ಕಾರಣ ಎಂದು ನಾವು ಹೇಳುತ್ತೇವೆ.

ಹೇಗೆ ಅಂತೀರಾ? ಒಳ್ಳೆಯ ಗ್ಯಾರೇಜ್ ಇರುವುದು ತಾಲ್ಲೂಕು ಕೇಂದ್ರದಲ್ಲಿ, ಇಲ್ಲವೇ ಜಿಲ್ಲಾ ಕೇಂದ್ರದಲ್ಲಿ. ಅಲ್ಲಿಗೆ ಹೋದರೆ ಒಂದು ದಿನದ ಬಾಡಿಗೆ ಹೋಯಿತು. ಟೊಮೆಟೊ ಕೀಳುವ ಕಾಲದಲ್ಲಿ, ಈರುಳ್ಳಿ ತುಂಬುವ ಕಾಲದಲ್ಲಿ ಗಾಡಿ ನಿಲ್ಲಿಸಲು ಯಾರಿಗೆ ಮನಸ್ಸು ಬರುತ್ತದೆ? "ಈ ಲೋಡ್ ಮುಗಿಯಲಿ", "ಹಬ್ಬ ಕಳೆಯಲಿ", "ಎಫ್‌ಸಿಗೆ ಹೋಗುತ್ತೀವಲ್ಲ, ಆಗ ಮಾಡಿಸೋಣ" ಎಂದು ದಿನ ದೂಡುತ್ತಾರೆ. ಎಫ್‌ಸಿ ಲೆಕ್ಕ ನೋಡಿ: 8 ವರ್ಷದೊಳಗಿನ ಸರಕು ವಾಹನಕ್ಕೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ದಿನವೂ ಲೋಡ್ ಹೊಡೆಯುವ ಗಾಡಿಯ ಮುಂದಿನ ಪ್ಯಾಡು ಆ ತಾರೀಖು ನೋಡಿಕೊಂಡು ಸವೆಯುವುದಿಲ್ಲ.

ಮನೆಯಲ್ಲಿ ಮಾಡಬೇಡಿ ಎನ್ನುವವರು ಇನ್ನೊಂದನ್ನೂ ನೋಡಬೇಕು. ಮನೆಯಂಗಳದಲ್ಲಿ, ಹುಣಸೆಮರದ ಕೆಳಗೆ, ಮಂಡಿಯ ಗೇಟಿನ ಪಕ್ಕ ಈ ಕೆಲಸ ಈಗಲೂ ನಡೆಯುತ್ತಲೇ ಇದೆ. ಒಂದೇ ಕಡೆಯ ಚಕ್ರ ಬಿಚ್ಚಿ, ಸಿಕ್ಕಿದ ಪ್ಯಾಡ್ ತುರುಕಿ, ಡಿಸ್ಕ್ ಕಡೆ ತಿರುಗಿಯೂ ನೋಡದೆ, ಇಪ್ಪತ್ತು ನಿಮಿಷದಲ್ಲಿ ಗಾಡಿ ರಸ್ತೆಗೆ. ಅಂಗಳವಾಗಲಿ ಗ್ಯಾರೇಜಾಗಲಿ, ಅಳತೆ ಮಾಡದೆ ಮಾಡಿದ ಕೆಲಸ ಅಪಾಯವೇ. ಅದಕ್ಕೇ ನಮ್ಮ ವಾದ ಇಷ್ಟು: ಕಲಿಯಿರಿ, ಮನೆಯಲ್ಲೇ ಮಾಡಿ, ಪೂರ್ತಿ ಮಾಡಿ.

ಒಂದು ಮಾತು ಮೊದಲೇ ಹೇಳುತ್ತೇವೆ. ಇದು ದೊಡ್ಡ ಲಾರಿಗಳ ವಿಷಯವಲ್ಲ. ಅವುಗಳದ್ದು ಏರ್ ಬ್ರೇಕ್. ಅದರ ಚೇಂಬರ್ ಒಳಗಿನ ಸ್ಪ್ರಿಂಗ್ ಸಿಡಿದರೆ ಜೀವ ಹೋಗುತ್ತದೆ, ಅದಕ್ಕೆ ಕೈ ಹಾಕಬೇಡಿ. ನಾವು ಹೇಳುತ್ತಿರುವುದು ಬೊಲೆರೊ ಪಿಕಪ್, ಟಾಟಾ ಏಸ್, ದೋಸ್ತ್ ತರಹದ ಗಾಡಿಗಳ ಬಗ್ಗೆ. ಇವುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್.

ಮುಂದಿನ ಬ್ರೇಕಿಗೇ ಯಾಕಿಷ್ಟು ಮಹತ್ವ? ಬ್ರೇಕ್ ಒತ್ತಿದಾಗ ಗಾಡಿ ಮುಂದಕ್ಕೆ ಬಾಗುತ್ತದೆ, ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ನಿಲ್ಲಿಸುವ ಕೆಲಸದ ದೊಡ್ಡ ಪಾಲು ಅವುಗಳದ್ದೇ. ಲೋಡ್ ಸೇರಿ 3 ಟನ್ ತೂಗುವ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಂತರೆ, ಬ್ರೇಕುಗಳಲ್ಲಿ ಹುಟ್ಟುವ ಶಾಖ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸುವಷ್ಟು. ಗಾಡಿಯ ಒಟ್ಟು ತೂಕ ಎರಡರಷ್ಟಾದರೆ ಶಾಖವೂ ಹಾಗೆಯೇ ಏರುತ್ತದೆ. ವೇಗ ಎರಡರಷ್ಟಾದರೆ ಶಾಖ ನಾಲ್ಕು ಪಟ್ಟು. ಚಾರ್ಮಾಡಿ, ಶಿರಾಡಿ ಇಳಿಯುವಾಗ ಗೇರ್ ಇಳಿಸದೆ ಬ್ರೇಕಿನ ಮೇಲೇ ಕಾಲಿಟ್ಟವರಿಗೆ ಆ ಸುಟ್ಟ ವಾಸನೆ ಗೊತ್ತು. ಆ ಶಾಖವನ್ನೆಲ್ಲ ನುಂಗಬೇಕಾದದ್ದು ಡಿಸ್ಕ್. ಸವೆದು ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ, ಸೊಟ್ಟಗಾಗುತ್ತದೆ, ಸೀಳಲೂಬಹುದು.

ಆದ್ದರಿಂದ "ಪ್ಯಾಡ್ ಹಾಕಿದೆ, ಮುಗೀತು" ಎನ್ನುವವರ ಜೊತೆಗೇ ನಮ್ಮ ಮೊದಲ ಜಗಳ. ಪ್ಯಾಡಿನ ಮಸಾಲೆ 3 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸುವ ಹೊತ್ತು ಬಂತು. ಕೀಚಲು ಸದ್ದು ಬರುತ್ತಿದ್ದರೆ ಅದು ಎಚ್ಚರಿಕೆ. ಗರಗರ ಎಂದು ಉಜ್ಜುವ ಸದ್ದು ಬಂದರೆ ಪ್ಯಾಡಿನ ಕಬ್ಬಿಣವೇ ಡಿಸ್ಕನ್ನು ಕೊರೆಯುತ್ತಿದೆ ಎಂದು ಅರ್ಥ. ಗೆರೆ ಬಿದ್ದ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿದರೆ ಅದು ಪೂರ್ತಿ ಕೂರುವುದಿಲ್ಲ, ಹಿಡಿತ ಕಡಿಮೆ, ಹೊಸ ಪ್ಯಾಡೂ ಬೇಗ ಹಾಳು.

ಡಿಸ್ಕ್ ಎಷ್ಟು ದಪ್ಪ ಉಳಿದಿರಬೇಕು ಎಂಬುದನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ತುಕ್ಕು ಉಜ್ಜಿ ಓದಿ. ಅಚ್ಚು ಕಾಣದಿದ್ದರೆ ಅಳತೆ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅಳೆಯುವಾಗ ಒಂದು ಮೋಸವಿದೆ. ಡಿಸ್ಕಿನ ಅಂಚಿನಲ್ಲಿ ಸವೆಯದ ಏಣು ಉಳಿದಿರುತ್ತದೆ; ವರ್ನಿಯರ್ ಅದರ ಮೇಲೆ ಕೂತರೆ ಸುಳ್ಳು ಅಳತೆ ತೋರಿಸುತ್ತದೆ. ಎರಡೂ ಕಡೆ ಒಂದೇ ಬಗೆಯ ನಾಣ್ಯ ಇಟ್ಟು ಅಳೆದು, ಆಮೇಲೆ ನಾಣ್ಯಗಳ ದಪ್ಪ ಕಳೆಯಿರಿ. ಉಳಿದದ್ದು ಅಚ್ಚಿನ ಅಳತೆಗಿಂತ ಕಡಿಮೆ ಇದ್ದರೆ ಡಿಸ್ಕ್ ಗುಜರಿಗೆ. "ಲೇತಿಗೆ ಕೊಟ್ಟು ನುಣುಪು ಮಾಡಿಸೋಣ" ಎನ್ನುವವರು, ಲೇತ್ ಆದಮೇಲೂ ಅಷ್ಟು ದಪ್ಪ ಉಳಿಯುತ್ತದೆಯೇ ಎಂದು ಮೊದಲು ಲೆಕ್ಕ ಹಾಕಲಿ.

ಎರಡನೇ ಜಗಳ ಒಂದೇ ಚಕ್ರ ಮಾಡಿ ಕೈ ತೊಳೆದುಕೊಳ್ಳುವವರ ಜೊತೆ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಇದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಮಳೆಯಲ್ಲಿ, ಮೇಲೆ ಲೋಡ್ ಇರುವಾಗ ಆ ಎಳೆತ ಎದುರು ಬರುವ ಬೈಕಿನವನ ಕಡೆಗೂ ಇರಬಹುದು. ಪ್ಯಾಡ್ ಆಗಲಿ ಡಿಸ್ಕ್ ಆಗಲಿ, ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಿ.

ಇನ್ನು ಕೆಲಸದ ಮಾತು. ಗಾಡಿ ಖಾಲಿ ಇರಲಿ, ನೆಲ ಸಮತಟ್ಟಾಗಿ ಗಟ್ಟಿಯಾಗಿರಲಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ವೀಲ್ ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ಸಡಿಲ ಮಾಡಿ. ಬರೀ ಜ್ಯಾಕ್ ನಂಬಿ ಕೆಲಸ ಮಾಡಬೇಡಿ, ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಅವು ಸದ್ದಿಲ್ಲದೆ ಒಡೆಯುತ್ತವೆ.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಪೈಪಿನಲ್ಲಿ ಜೋತು ಬಿಡಬೇಡಿ, ಬೈಂಡಿಂಗ್ ವೈರಿನಿಂದ ಮೇಲೆ ಕಟ್ಟಿ. ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ. ಕೆಲವು ಪ್ಯಾಡುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ. ಪಿಸ್ಟನ್ನನ್ನು ಸಿ ಕ್ಲ್ಯಾಂಪಿನಿಂದ ನಿಧಾನವಾಗಿ ಒಳಕ್ಕೆ ಒತ್ತಿ. ಆಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಉಕ್ಕದಂತೆ ನೋಡಿಕೊಳ್ಳಿ. ಜಾರುವ ಪಿನ್ನುಗಳಿಗೆ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ. ಮನೆಯಲ್ಲಿರುವ ಸಾಮಾನ್ಯ ಗ್ರೀಸ್ ಅಲ್ಲಿನ ರಬ್ಬರ್ ತಿನ್ನುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಅದನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಯಿರಿ. ಬ್ರೇಕ್ ಆಯಿಲ್ ಡಾಟ್ 3 ಬೇಕೋ ಡಾಟ್ 4 ಬೇಕೋ ಎಂಬುದು ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ. ಎಂಜಿನ್ ಆಯಿಲ್ ಒಂದು ಹನಿ ಬಿದ್ದರೂ ಒಳಗಿನ ರಬ್ಬರೆಲ್ಲ ಊದಿ ಕೆಡುತ್ತದೆ.

ಕೆಲವು ಗಾಡಿಗಳಲ್ಲಿ ಡಿಸ್ಕ್ ಹಬ್ಬಿಗೇ ಕೂತಿರುತ್ತದೆ, ತೆಗೆಯಲು ಬೇರಿಂಗ್ ಬಿಚ್ಚಬೇಕು. ಮತ್ತೆ ಬಿಗಿಮಾಡುವಾಗ ಅದಕ್ಕೊಂದು ಹದ ಇದೆ. ಆ ಹದ ಗೊತ್ತಿಲ್ಲದವರು ಅಷ್ಟು ಭಾಗಕ್ಕೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಅವರಿಗೆ ಕೂಲಿ ಕೊಡಿ, ಪಕ್ಕದಲ್ಲಿ ಕೂತು ನೋಡಿ, ಪ್ರಶ್ನೆ ಕೇಳಿ. ನಾವು ಮೆಕ್ಯಾನಿಕ್‌ಗಳ ಅನ್ನ ಕಸಿಯಲು ಹೊರಟಿಲ್ಲ. ಕೆಲಸ ಗೊತ್ತಿರುವ ಗಿರಾಕಿ ಬಂದರೆ ಒಳ್ಳೆಯ ಮೆಕ್ಯಾನಿಕ್ಕಿಗೆ ಸಂತೋಷ, ಕಳ್ಳ ಕೆಲಸದವನಿಗೆ ಮಾತ್ರ ಕಷ್ಟ.

ಚಕ್ರ ಹಾಕಿದ ಮೇಲೆ ನಟ್ಟುಗಳನ್ನು ಎದುರು ಬದುರಾಗಿ ಬಿಗಿ ಮಾಡಿ. ಗಾಡಿ ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ಬಿಡಿ. ಈ ಹೆಜ್ಜೆ ಬಿಟ್ಟರೆ ಮೊದಲ ಬ್ರೇಕಿಗೆ ಪೆಡಲ್ ನೆಲ ಮುಟ್ಟುತ್ತದೆ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಗಾಡಿ ಹೊರಡಿಸಬೇಡಿ. ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10 ಕಿಲೋಮೀಟರ್ ವೇಗಕ್ಕೆ ಎಂಟು ಹತ್ತು ಸಲ ಇಳಿಸಿ, ನಡುವೆ ತಣಿಯಲು ಬಿಡಿ. ಪ್ಯಾಡೂ ಡಿಸ್ಕೂ ಹೊಂದಿಕೊಂಡ ಮೇಲೆಯೇ ಲೋಡ್ ತುಂಬಿ. ನೂರು ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೊಮ್ಮೆ ನೋಡಿ.

ಮೂರನೇ ಜಗಳ ಎಲ್ಲಕ್ಕಿಂತ ದೊಡ್ಡದು, ಅದು ಮಾಲೀಕರ ಜೊತೆ. ಎಷ್ಟೋ ಗಾಡಿಗಳಲ್ಲಿ ಬ್ರೇಕಿನ ಸದ್ದು ಮೊದಲು ಕೇಳಿಸುವುದು ಡ್ರೈವರಿಗೆ, ದುಡ್ಡು ಬಿಚ್ಚಬೇಕಾದವರು ಮಾಲೀಕರು. "ಅಣ್ಣಾ, ಬ್ರೇಕ್ ಸದ್ದು ಬರ್ತಿದೆ" ಅಂದರೆ "ಇವತ್ತೊಂದು ಟ್ರಿಪ್ ಹೊಡ್ಕೊಂಡು ಬಾ" ಎಂಬ ಉತ್ತರ. ಕ್ಯಾಬಿನ್ನಿಗೆ ಬಣ್ಣದ ಲೈಟು, ಹಾಡಿನ ಬಾಕ್ಸು, ಹಿಂದೆ ದೊಡ್ಡ ಸ್ಟಿಕ್ಕರ್, ಇದಕ್ಕೆಲ್ಲ ದುಡ್ಡಿದೆ. ಡಿಸ್ಕ್ ಅಂದರೆ ಮಾತ್ರ "ಮುಂದಿನ ತಿಂಗಳು". ಆ ಟ್ರಿಪ್ಪಿನಲ್ಲಿ ಸೀಟಿನಲ್ಲಿ ಕೂರುವವನು ಡ್ರೈವರ್. ಕಾನೂನು ಬೇಡ ಎಂದರೂ ಹಿಂದೆ ಮೂಟೆಗಳ ಮೇಲೆ ಕೂರುವವರು ಕೂಲಿ ಹೆಣ್ಣುಮಕ್ಕಳು. ರಸ್ತೆ ದಾಟುವುದು ಶಾಲೆ ಮಕ್ಕಳು. 60ರ ವೇಗದಲ್ಲಿ ಗಾಡಿ ಎರಡು ಸೆಕೆಂಡಿಗೆ 33 ಮೀಟರ್ ಓಡುತ್ತದೆ. ಬ್ರೇಕ್ ಹಿಡಿಯಲು ತಡವಾದಷ್ಟೂ ಈ ಲೆಕ್ಕ ಬೆಳೆಯುತ್ತದೆ.

ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ಎಂದು 2019ರ ತಿದ್ದುಪಡಿಯೇ ಹೇಳುತ್ತದೆ. ದಂಡ ಕಟ್ಟಿದರೆ ರಸೀದಿ ಸಿಗುತ್ತದೆ, ಕಾಲು ಮುರಿದ ಕೂಲಿಯವಳಿಗೆ ಕಾಲು ಸಿಗುವುದಿಲ್ಲ.

ನಮ್ಮ ಒತ್ತಾಯಗಳು ದೊಡ್ಡವಲ್ಲ. ತಾಲ್ಲೂಕಿನ ಸರ್ಕಾರಿ ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಸುವವರು ಇದ್ದಾರೆ. ತಿಂಗಳಿಗೊಂದು ಭಾನುವಾರ ಚಾಲಕರನ್ನು ಕರೆದು ಪ್ಯಾಡ್, ಡಿಸ್ಕ್ ಅಳೆಯುವುದನ್ನು ಕಲಿಸಲಿ. ಸ್ಪೇರ್ ಅಂಗಡಿಯವರು ಪ್ರತಿ ಪ್ಯಾಡಿಗೂ ಬಿಲ್ ಕೊಡಲಿ, ನೀವೂ ಬಿಲ್ ಇಲ್ಲದ ಅಗ್ಗದ ಮಾಲು ತರಬೇಡಿ. ಡ್ರೈವರ್ "ಬ್ರೇಕ್ ಸರಿಯಿಲ್ಲ" ಎಂದ ದಿನ ಗಾಡಿ ನಿಲ್ಲಲಿ, ಅವನ ಅವತ್ತಿನ ಕೂಲಿ ನಿಲ್ಲದಿರಲಿ.

ಗಾಡಿ ಇರುವವರೇ, ಈ ಭಾನುವಾರ ಮುಂದಿನ ಎರಡೂ ಚಕ್ರ ಬಿಚ್ಚಿ. ಪ್ಯಾಡ್ ಅಳೆಯಿರಿ, ಡಿಸ್ಕ್ ಅಳೆಯಿರಿ, ತಾರೀಖು ಹಾಕಿ ಎರಡೂ ಅಂಕಿಗಳನ್ನು ಡೈರಿಯಲ್ಲಿ ಬರೆದಿಡಿ. ಅಷ್ಟು ಮಾಡದೆ ಸೋಮವಾರ ಲೋಡ್ ತುಂಬಬೇಡಿ.